ಭರಮಕ್ಕ ಮತ್ತು ಬೇರೆಯವರ ಹಬ್ಬ

ಗಾದಿಗನೂರಿನ ಭರಮಮ್ಮ ಹೊಸಪೇಟೆಯ ಸಂಜೆ ಕಾಲೇಜಿಗೆ ಬಿ.ಎ. ಸೇರಿದಾಗ ಅವಳ ವಯಸ್ಸು ನಮ್ಮ ಅರ್ಧಕ್ಕರ್ಧ ಮೇಷ್ಟ್ರುಗಳಿಗಿಂತ ಹೆಚ್ಚಿತ್ತು. ಮೊದಲ ದಿನ ಅವಳು ಒಳಗೆ ಕಾಲಿಟ್ಟಾಗ ಹಿಂದಿನ ಬೆಂಚಿನ ಹುಡುಗರು ಹೊಸ ಮೇಡಂ ಬಂದರೆಂದು ದಡಬಡ ಎದ್ದು ನಿಂತರು. "ಕುಂದ್ರಿ, ಕುಂದ್ರಿ, ನಾನೂ ಕಲಿಯಾಕ ಬಂದಾಕಿ," ಎಂದವಳೇ ಸೀದಾ ಬಂದು ನನ್ನ ಪಕ್ಕ ಕೂತಳು. ಅವಳ ಚೀಲದಿಂದ ಮೊದಲು ಹೊರಬಂದದ್ದು ಪುಸ್ತಕವಲ್ಲ, ಹುರಿದ ಶೇಂಗಾದ ಪೊಟ್ಟಣ. ಅರ್ಧ ನನ್ನ ಕೈಗೆ ಸುರಿದಳು. ಅವತ್ತಿನಿಂದ ಡಿಗ್ರಿ ಮುಗಿಯುವ ತನಕ ನಾವಿಬ್ಬರೂ ಒಂದೇ ಬೆಂಚು. ವಯಸ್ಸಿನಲ್ಲಿ ಅವಳು ನನ್ನ ಅಮ್ಮನ ಸರೀಕಳು ನಿಜ, ಆದರೆ ಒಂದೇ ಪೊಟ್ಟಣದ ಶೇಂಗಾ ತಿಂದವರಿಗೆ ಬಹುವಚನ ಬಾಯಿಗೆ ಬರುವುದಿಲ್ಲ. ನನಗವಳು ಭರಮಕ್ಕ, ಅಷ್ಟೇ.

ನಾನು ಪೂಜಿತಾ, ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಹುಡುಗಿ. ನಮ್ಮ ತಾತ ಡ್ಯಾಂ ಕಟ್ಟುವ ಕಾಲಕ್ಕೆ ಆಂಧ್ರದ ಕಡೆಯಿಂದ ಕೆಲಸಕ್ಕೆ ಬಂದು ಇಲ್ಲೇ ಉಳಿದವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಮತ್ತು ನನಗೆ ಸಿಟ್ಟು ಬೇಗ ಬರುತ್ತದೆ. ಈ ಕಥೆ ಹೇಳುವಾಗಲೂ ಒಂದೆರಡು ಕಡೆ ಬಂದೇ ಬರುತ್ತದೆ, ಸಹಿಸಿಕೊಳ್ಳಿ.

ಅದು ಅದಿರಿನ ಕಾಲ. ಗಾದಿಗನೂರಿನ ಮುಂದಿನ ಹೆದ್ದಾರಿಯಲ್ಲಿ ಲಾರಿಗಳ ಸಾಲು ಕಡಿಯುತ್ತಲೇ ಇರಲಿಲ್ಲ. ಭರಮಕ್ಕ ಬಿಳಿ ಸೀರೆ ಉಟ್ಟು ಬಸ್ಸು ಹತ್ತಿದರೆ ಹೊಸಪೇಟೆಯಲ್ಲಿ ಇಳಿಯುವಾಗ ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು. ನಿನ್ನೆ ತನಕ ಸೈಕಲ್ ತುಳಿಯುತ್ತಿದ್ದವರು ಟಿಪ್ಪರ್ ಮಾಲೀಕರಾಗಿ ಕೊರಳಿಗೆ ಹಗ್ಗದಂಥ ಚೈನು ಹಾಕಿಕೊಂಡು ತಿರುಗುತ್ತಿದ್ದರು. ನಮ್ಮ ಕ್ಲಾಸಿನ ಗಂಡುಹುಡುಗರಂತೂ ಹಾಜರಿಗೆ ಮಾತ್ರ ಬಂದು ಮತ್ತೆ ಗಣಿ ಕಡೆ ಓಡುವವರು. ಇಂಥದರಲ್ಲಿ ಭರಮಕ್ಕನಿಗೆ ಊರಿನವರು ಕೇಳದೇ ಬಿಡುತ್ತಾರೆಯೇ? "ಈ ವಯಸ್ಸಿನ್ಯಾಗ ಡಿಗ್ರಿ ತಗೊಂಡು ಉಪ್ಪಿನಕಾಯಿ ಹಾಕ್ತಿಯೇನ?" ಎಂದು ಕೇಳಿದರು. "ಹೌದು, ಹಾಕ್ತೀನಿ. ನಿನಗೂ ಒಂದು ಹೋಳು ಕೊಡ್ತೀನಿ ತಗೋ," ಎಂದು ಅವಳು ಬಸ್ಸು ಹತ್ತಿದಳು.

ಅವಳ ಗಂಡ ತಾಯಪ್ಪ ಅದಿರು ಲಾರಿಯ ಡ್ರೈವರ್. ಸಂಡೂರು ಘಾಟಿನ ತಿರುವಿನಲ್ಲಿ ಲಾರಿ ಉರುಳಿ ತೀರಿಕೊಂಡ. ಅವಳು ಊರಿನ ಅಂಗನವಾಡಿ ಟೀಚರ್. ಡಿಗ್ರಿ ಇದ್ದ ಟೀಚರುಗಳನ್ನು ಆರಿಸಿ ಸೂಪರ್‌ವೈಸರ್ ಮಾಡುತ್ತಾರೆಂದು ತಿಳಿದದ್ದೇ ತಡ, ಕಾಲೇಜಿಗೆ ಹೆಸರು ಹಚ್ಚಿದಳು. ಆದರೆ ಅದಕ್ಕೊಂದು ವಯಸ್ಸಿನ ಗಡಿ ಇತ್ತು. ನಾವು ಕೊನೆಯ ವರ್ಷದಲ್ಲಿದ್ದ ಆ ಬೇಸಿಗೆಯ ಅರ್ಜಿಯೇ ಅವಳಿಗೆ ಕಡೆಯದು, ಅದು ದಾಟಿದರೆ ಜನ್ಮದಲ್ಲಿ ಇನ್ನೊಂದಿಲ್ಲ. "ಮೀಟಿಂಗಿನ್ಯಾಗ ನೆಲದ ಮ್ಯಾಲೆ ಕುಂತು ಬೈಸಿಗೊಂಡು ಬೈಸಿಗೊಂಡು ಸಾಕಾಗೇತಿ ಪೂಜಿ. ಒಮ್ಮೆ ಆ ಕುರ್ಚಿ ಮ್ಯಾಲೆ ಕುಂದ್ರಬೇಕು. ಕುಂತು, ಎದುರಿಗೆ ಇರಾರಿಗೂ ಕುರ್ಚಿ ಹಾಕಿಸಬೇಕು," ಎನ್ನುತ್ತಿದ್ದಳು. ಅವಳ ಆಸೆ ಇಷ್ಟೇ. ಇಷ್ಟು ಸಾಲದೇ?

ಎಲ್ಲ ಪತ್ರಿಕೆಗಳನ್ನೂ ಅವಳು ಒಂದೇ ಏಟಿಗೆ ಪಾಸು ಮಾಡುತ್ತ ಬಂದಳು. ಗಂಟಲಿಗೆ ಸಿಕ್ಕಿಕೊಂಡದ್ದು ಆ ವರ್ಷ ಹೊಸದಾಗಿ ಬಂದ 'ಬಹುಸಂಸ್ಕೃತಿ ಪರಿಚಯ' ಎಂಬ ಕಡ್ಡಾಯ ಪತ್ರಿಕೆ. ಅದು ಪಾಸಾಗದೆ ಡಿಗ್ರಿ ಇಲ್ಲ. ನಿಯಮ ಏನೆಂದರೆ, ವಿದ್ಯಾರ್ಥಿ ತನ್ನದಲ್ಲದ ಸಮುದಾಯದ ಒಂದು ಹಬ್ಬಕ್ಕೋ ಕಾರ್ಯಕ್ಕೋ ಹೋಗಬೇಕು, ಕೂಡಿ ಮಾಡಬೇಕು, ತನ್ನದಕ್ಕೂ ಅದಕ್ಕೂ ಏನು ವ್ಯತ್ಯಾಸ ಎಂದು ವರದಿ ಬರೆದು ಮೇಷ್ಟ್ರ ಮುಂದೆ ಉತ್ತರ ಹೇಳಬೇಕು.

ಓದಲು ಚೆಂದವಾಗಿಯೇ ಇದೆ. ನಡೆದದ್ದು ಮಾತ್ರ ನಗೆಪಾಟಲು. ಕ್ಲಾಸಿಗೆ ಕ್ಲಾಸೇ ಸಂಡೂರಿನ ಹತ್ತಿರದ ಒಂದೇ ಲಂಬಾಣಿ ತಾಂಡಾದ ಮೇಲೆ ಬಿತ್ತು. ನಾನೂ ಹೋಗಿದ್ದೆ. ನಮ್ಮನ್ನು ನೋಡಿದ ಕೂಡಲೇ ಅಲ್ಲಿಯ ಹೆಂಗಸೊಬ್ಬಳು, "ಕಾಲೇಜಿನವರಾ? ಮೊದ್ಲು ಚಾ ಕುಡೀತೀರೋ, ಫೋಟೋ ತೆಗೀತೀರೋ?" ಎಂದು ಕೇಳಿದಳು. ಮೂವರು ಹುಡುಗರು ಹಂಪಿಯ ಹೋಟೆಲಿನಲ್ಲಿ ಫಾರಿನ್ನವರ ಪಕ್ಕ ಕೂತು ಪಿಜ್ಜಾ ತಿಂದು, ಅದನ್ನೇ ವಿದೇಶಿ ಸಮುದಾಯದ ಆಹಾರ ಪದ್ಧತಿ ಎಂದು ಬರೆದರು. ಎಲ್ಲರೂ ಪಾಸು!

ಭರಮಕ್ಕ ಮಾತ್ರ ಕಣ್ಣಾರೆ ಕಂಡು, ಕೈಯಾರೆ ಮಾಡಿದ್ದನ್ನೇ ಬರೆದಳು. ಜನವರಿಯಲ್ಲಿ ಅವರ ಓಣಿಯಲ್ಲಿ ಮೊಹರಂ ನಡೆದಿತ್ತು. ಆ ಕಡೆ ಅದಕ್ಕೆ ಪೀರಲ ಹಬ್ಬ ಎನ್ನುತ್ತಾರೆ. ಆ ಓಣಿಯಲ್ಲಿ ಮುಸಲ್ಮಾನರ ಮನೆ ಒಂದೂ ಇಲ್ಲ. ಪಕ್ಕದೂರಿನಿಂದ ಮುಲ್ಲಾಸಾಬರು ಬಂದು ಫಾತಿಹಾ ಓದಿ ಸಕ್ಕರೆ ಪ್ರಸಾದ ಕೊಡುತ್ತಾರೆ. ಪೀರ ದೇವರನ್ನು ಹೊತ್ತು ಕುಣಿಯುವುದು ನಾಯಕ ಜನಾಂಗದವನಾದ ಭರಮಕ್ಕನ ಅಣ್ಣ ಹೊನ್ನೂರಸ್ವಾಮಿ. ಬೆಂಕಿಯ ಕುಣಿ ತೋಡುವುದರಿಂದ ಹಿಡಿದು ದೇವರನ್ನು ಹೊಳೆಗೆ ಕಳಿಸುವ ತನಕ ಅವಳು ಒಂದೂ ಬಿಡದೆ ಬರೆದಿದ್ದಳು. ಓದಿ ನನಗೇ ಹೊಟ್ಟೆಕಿಚ್ಚಾಯಿತು.

ಆ ಪತ್ರಿಕೆಯ ಮೇಷ್ಟ್ರು ಬಸವಕುಮಾರ್ ಸರ್. ಕಂಪ್ಲಿಯ ರೈಸ್‌ಮಿಲ್ ಮನೆತನ, ಲಿಂಗಾಯತರು. ಕೆಟ್ಟವರಲ್ಲ, ಆದರೆ ನಿಯಮ ಎಂದರೆ ನಿಯಮ. ಉತ್ತರ ಹೇಳುವ ದಿನ ನಾನು ಬಾಗಿಲ ಬಳಿ ನನ್ನ ಸರದಿಗೆ ಕಾಯುತ್ತಿದ್ದೆ. ಸರ್ ವರದಿ ಮುಚ್ಚಿಟ್ಟು ಕೇಳಿದರು. "ಭಾಳ ಚಲೋ ಬರದೀರಿ. ಈಗ ಹೇಳ್ರಿ, ಹೊರಗಿನವರಾಗಿ ನಿಮಗ ಇದ್ರಾಗ ಹೊಸದು ಅನಿಸಿದ್ದು ಏನು?"

"ಹೊರಗಿನಾಕಿ ಯಾಕ್ರಿ ಸರ್?" ಎಂದಳು ಭರಮಕ್ಕ. "ಪೀರ ದೇವರು ನಮ್ಮ ಮನೀದು. ನಾ ಹುಟ್ಟಿದ್ದೇ ಆ ಹರಕಿ ಮ್ಯಾಲೆ. ನಮ್ಮ ಅಣ್ಣಗ ಹೊನ್ನೂರಸ್ವಾಮಿ ಅಂತ ಪೀರನ ಹೆಸರಿಟ್ಟಿದ್ದೂ ಅದಕ್ಕ."

ಅಯ್ಯೋ ದೇವರೇ ಎಂದು ನಾನು ಹಣೆ ಚಚ್ಚಿಕೊಂಡೆ. ಬಾಯಿಗೆ ಬಂದ ತುತ್ತನ್ನು ತಾನೇ ಕೈಯಾರೆ ಚೆಲ್ಲುವುದೆಂದರೆ ಇದೇ.

ಸರ್ ಕೂಡ ಗಾಬರಿಯಾದರು. "ಅಲ್ರಿ, ಇದು ಬ್ಯಾರೆ ಸಮುದಾಯದ ಹಬ್ಬ, ನಾನು ನೋಡಾಕ ಹೋಗಿದ್ದೆ ಅಂತ ಒಂದು ಮಾತು ಹೇಳ್ರಿ. ಪಾಸ್ ಮಾಡ್ತೀನಿ."

"ಮುಲ್ಲಾಸಾಬರದೂ ಹೌದ್ರಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ನಮ್ಮದಲ್ಲ ಅಂತ ಹೆಂಗ ಹೇಳ್ಲಿ? ಬರೋ ವರ್ಷ ಆ ದೇವರ ಮುಂದ ಉಡಿಯೊಡ್ಡಿ ನಿಂದ್ರಾಕಿ ನಾನಲ್ಲೇನ್ರಿ?"

"ಹಂಗಾದ್ರ ನಿಯಮದ ಪ್ರಕಾರ ಇದು ನಡಿಯಂಗಿಲ್ಲ," ಎಂದು ಸರ್ ವರದಿಯನ್ನು ವಾಪಸು ಕೊಟ್ಟರು. ಮೇ ತಿಂಗಳಿಗೆ ಇನ್ನೊಂದು ಅವಕಾಶ ಇದೆ, ಅಷ್ಟರಲ್ಲಿ ಬೇರೆ ಸಮುದಾಯ ಹುಡುಕಿಕೊಂಡು ಬನ್ನಿ ಎಂದರು.

ಹೊರಗೆ ಬಂದ ಮೇಲೆ ನನ್ನ ಸಿಟ್ಟು ಎರಡೂ ಭಾಷೆಯಲ್ಲಿ ಹೊರಬಂತು. ಒಂದು ಮಾತಿಗೆ ಮೂರು ವರ್ಷದ ಓದು ಮಣ್ಣುಪಾಲಾಗುತ್ತದಲ್ಲ, ಹ್ಞೂಂ ಎಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೂಗಾಡಿದೆ. ಅವಳು ಶೇಂಗಾ ಬಿಡಿಸುತ್ತ ಕೇಳಿಸಿಕೊಂಡಳು. "ಮಾರ್ಕ್ಸ್ ಸಲುವಾಗಿ ನಿಮ್ಮ ಅಮ್ಮನ್ನ ಪಕ್ಕದ ಮನಿಯಾಕಿ ಅಂತ ಬರೀತಿಯೇನ ನೀನು?" ಎಂದು ಕೇಳಿದಳು. ಅವಳು ಹೇಳಿದ್ದು ಸರಿಯೇ. ಅದಕ್ಕೂ ಸಿಟ್ಟು ಬಂತು.

ಆಮೇಲೆ ಶುರುವಾಯಿತು ನೋಡಿ, ಭರಮಕ್ಕನ ಬೇರೆಯವರ ಹುಡುಕಾಟ. ತಾಂಡಾಕ್ಕೆ ಹೋದಳು. ಅಲ್ಲಿಯ ಮಕ್ಕಳಿಗೆಲ್ಲ ಪೋಲಿಯೋ ಹನಿ ಹಾಕಿದವಳು ಇವಳೇ, ಅವರು ಮನೆಯವಳಂತೆ ಕೆಲಸಕ್ಕೆ ಹಚ್ಚಿ ರೊಟ್ಟಿ ತಟ್ಟಿಸಿಕೊಂಡು ಊಟ ಹಾಕಿ ಕಳಿಸಿದರು. ಬುಕ್ಕಸಾಗರದಲ್ಲಿ ಭತ್ತ ನಾಟಿಗೆ ಬಂದ ಆಂಧ್ರದ ಹೆಂಗಸರ ಜೊತೆ ಕೂತಳು. ಬರುವಾಗ ಅವರದೊಂದು ಹಾಡು ಕಲಿತು ಬಂದಳು, ಅವರಿಗೆ ತನ್ನದೊಂದು ಕಲಿಸಿ ಬಂದಳು. "ಏನ ಮಾಡ್ಲೇ ಪೂಜಿ, ಹೋದಲ್ಲೆಲ್ಲಾ ನಮ್ಮವರೇ ಆಗಿಬಿಡ್ತಾರ," ಎಂದು ಅವಳು ತಲೆ ಮೇಲೆ ಕೈಹೊತ್ತು ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಊರಿಗೆಲ್ಲ ಒಂದು ದಾರಿಯಾದರೆ ಇವಳಿಗೊಂದು ದಾರಿ.

ಅಷ್ಟರಲ್ಲಿ ಬಸವಕುಮಾರ್ ಸರ್ ಮನೆಯಲ್ಲಿ ಕುಬಸದ ಕಾರ್ಯ ಇದೆಯೆಂಬ ಸುದ್ದಿ ಬಂತು. ಅವರ ಹೆಂಡತಿ ಕಾವ್ಯ ಅವರಿಗೆ ಏಳು ತಿಂಗಳು ತುಂಬಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಆರತಿ ಮಾಡಿ, ಬಂದ ಮುತ್ತೈದೆಯರಿಗೆಲ್ಲ ಉಡಿ ತುಂಬಿ ಕಳಿಸುವ ಕಾರ್ಯ ಅದು. ಭರಮಕ್ಕ ಅವತ್ತೇ ಸ್ಟಾಫ್‌ರೂಮಿಗೆ ನುಗ್ಗಿದಳು.

"ಸರ್, ನಿಮ್ಮ ಮನೀ ಊಟ ನಾ ಇಲ್ಲೀತನ ಉಂಡಿಲ್ಲ. ನೀವಂತೂ ನನಗ ಬ್ಯಾರೆದವರೇ. ಐತವಾರ ಕುಬಸಕ್ಕ ಬರ್ತೀನ್ರಿ, ಅದನ್ನೇ ಬರೀತೀನಿ."

ಸರ್ ಪೆನ್ನು ಕೆಳಗಿಟ್ಟರು. "ನಮ್ಮ ಮನಿಗೇ ಯಾಕ್ರಿ..."

"ಒಳಗ ಕರೀತೀರೋ, ಪಡಸಾಲ್ಯಾಗ ಕುಂದ್ರಸ್ತೀರೋ, ಅದೂ ವರದ್ಯಾಗ ಬರ್ತೈತ್ರಿ," ಎಂದು ನಗುತ್ತಲೇ ಹೇಳಿದಳು. ಸರ್ ಕೂಡ ನಕ್ಕುಬಿಟ್ಟರು. "ಬರ್ರಿ, ಬರ್ರಿ. ನಮ್ಮ ಅವ್ವಗ ನಿಮ್ಮಂಥಾರೇ ಬೇಕು," ಎಂದರು. ಜೊತೆಗೆ ನನ್ನನ್ನೂ ಕರೆದರು.

ಹೊಸಪೇಟೆಯಿಂದ ಕಮಲಾಪುರ ದಾಟಿ ಕಂಪ್ಲಿ ಕಡೆ ಬಸ್ಸು ಹೊರಳಿದರೆ ಕೆಂಪು ಧೂಳು ಹಿಂದೆ ಉಳಿಯುತ್ತದೆ. ಕಾಲುವೆಯ ಬಗಲಿಗೆ ಕಣ್ಣು ಹಾಯಿಸಿದಷ್ಟು ಹಸಿರು ಭತ್ತ. ಭರಮಕ್ಕ ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟಿದ್ದಳು. ಕಾವ್ಯ ಅವರಿಗೆಂದು ಅಂಗನವಾಡಿ ಅಂಗಳದ ನುಗ್ಗೆಸೊಪ್ಪಿನ ಕಟ್ಟು ತೊಡೆಯ ಮೇಲೆ ಇತ್ತು. "ಬಸುರಿ ಹೆಂಗಸಿಗೆ ಇದಕ್ಕಿಂತ ಚಲೋ ಉಡುಗೊರೆ ಇಲ್ಲ, ನಾ ದಿನಾ ಬಾಯಿಬಡ್ಕೊಳ್ಳೋದು ಇದನ್ನೇ," ಎಂದಳು.

ಮಿಲ್ಲಿನ ಪಕ್ಕದ ದೊಡ್ಡ ಮನೆ. ಅಂಗಳಕ್ಕೆ ಕಾಲಿಡುವ ಮೊದಲೇ ಸುವರ್ಣಮ್ಮನವರ ದನಿ ಕೇಳಿಸಿತು. ಅವರು ಬಸವಕುಮಾರ್ ಸರ್ ತಾಯಿ. ಗಂಡ ಹೋದ ಮೇಲೆ ಮಿಲ್ಲನ್ನು ಒಬ್ಬರೇ ನಡೆಸಿದ ಗಟ್ಟಿಗಿತ್ತಿ. ಹಣೆಯ ತುಂಬ ವಿಭೂತಿ, ಸೊಂಟದಲ್ಲಿ ಬೀಗದ ಕೈಗೊಂಚಲು. "ಯಾರಾಕಿ ನನ್ನ ಮಗನ್ನ ಹೆದರಿಸಿ ಊಟಕ್ಕ ಬಂದಾಕಿ?" ಎಂದು ಕೂಗಿದರು. "ನಾನ್ರೀ ಯವ್ವ!" ಎಂದು ಭರಮಕ್ಕ ಅಷ್ಟೇ ಜೋರಾಗಿ ಕೂಗಿದಳು. ಒಂದು ಗಳಿಗೆಯಲ್ಲಿ ಇಬ್ಬರೂ ಅಡುಗೆಮನೆಯಲ್ಲಿ ಕೂತು ಹೋಳಿಗೆಯ ಹೂರಣಕ್ಕೆ ಬೆಲ್ಲ ಸಾಕೋ ಸಾಲದೋ ಎಂದು ಜಗಳಾಡುತ್ತಿದ್ದರು. ಪಡಸಾಲೆಯ ಮಾತೇ ಬರಲಿಲ್ಲ. ನನ್ನ ಎದೆ ಹಗುರಾಯಿತು. ವಿಭೂತಿ, ಕೊರಳಲ್ಲಿ ಲಿಂಗ, ಊಟಕ್ಕೆ ಮುಂಚಿನ ಪೂಜೆ, ಇಲ್ಲಿ ಬರೆಯಲು ಬೇಕಾದಷ್ಟು ಬೇರೆತನ ಇದೆ, ಈ ಸಲ ಪಾಸು ಗ್ಯಾರಂಟಿ ಎಂದುಕೊಂಡೆ.

ಕಾವ್ಯ ಅವರನ್ನು ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂರಿಸಿದರು. ಬಳೆ, ಹೂವು, ಹಾಡು, ಆರತಿ ಎಲ್ಲ ಆಯಿತು. ಆಮೇಲೆ ಉಡಿ ತುಂಬುವ ಹೊತ್ತು ಬಂತು. ಸರ್ ಅವರ ಸೋದರತ್ತೆ ತಾಟು ಹಿಡಿದು ಸಾಲಿಗೆ ಬಂದರು. ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ರವಿಕೆ ಕಣ. ಹೆಂಗಸರು ಒಬ್ಬೊಬ್ಬರಾಗಿ ಸೆರಗು ಒಡ್ಡಿದರು. ಆಗ ನಾನು ಗಮನಿಸಿದೆ, ಅಷ್ಟು ಹೊತ್ತು ಮನೆಯೆಲ್ಲ ತಾವೇ ಆಗಿದ್ದ ಸುವರ್ಣಮ್ಮ ಅಲ್ಲಿರಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ, ಗೋಡೆಗೆ ಒತ್ತಿ ನಿಂತಿದ್ದರು. ತಮ್ಮ ಸೊಸೆಯ ಕುಬಸದಲ್ಲಿ!

ತಾಟು ಭರಮಕ್ಕನ ಮುಂದೆ ಬಂತು. ಸೋದರತ್ತೆ ಅವಳ ಬೋಳು ಕೊರಳು ನೋಡಿ ತಡೆದರು. "ಯಜಮಾನ್ರು ಅದಾರೇನವ್ವ?"

"ಇಲ್ರೀ. ಸಂಡೂರು ಘಾಟಿನ್ಯಾಗ ಹೋದ್ರು."

ಸೋದರತ್ತೆ ತಾಟನ್ನು ಹಿಂದಕ್ಕೆ ಎಳೆದುಕೊಂಡರು. ಮೆಲ್ಲಗೆ ಅವಳನ್ನು ದಾಟಿ ಮುಂದಿನವಳ ಬಳಿ ಹೋದರು. ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆರೆಯುವುದರಲ್ಲಿದ್ದೆ, ಭರಮಕ್ಕ ನನ್ನ ಮೊಣಕಾಲು ಒತ್ತಿ ಹಿಡಿದಳು. ಆಮೇಲೆ ಬಾಗಿಲ ಬಳಿ ನಿಂತಿದ್ದ ಬಸವಕುಮಾರ್ ಸರ್ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅಳು ಮಾತ್ರ ಅಡಗಿಸಿದಂತಿತ್ತು.

"ಕೆಟ್ಟಿತ್ರಿ ಸರ್ ನನ್ನ ವರದಿ," ಎಂದಳು. "ವಿಭೂತಿ ಬ್ಯಾರೆ ಅಂದ್ಕೊಂಡೆ, ಲಿಂಗ ಬ್ಯಾರೆ ಅಂದ್ಕೊಂಡೆ. ಆದ್ರ ಕಡೀಗೆ ಬಂದು ಇಲ್ಲಿ ನಿಂತಿತು. ನಮ್ಮೂರಾಗೂ ಮದ್ವಿ, ಕುಬಸ ಅಂದ್ರ ಹಿಂಗೇ ದಾಟಿ ಹೋಗ್ತಾರ್ರಿ. ಪೀರ ದೇವರ ಮುಂದ ಒಂದು ಬಿಟ್ರ ಮತ್ತೆಲ್ಲೂ ನನ್ನ ಉಡ್ಯಾಗ ಏನೂ ಬಿದ್ದಿಲ್ಲ. ಇದೂ ನಮ್ಮದೇ ಪದ್ಧತಿ. ಬ್ಯಾರೆ ಅಂತ ಹೆಂಗ ಬರೀಲಿ?"

ಹಾಡು ನಿಂತಿತು. ಸರ್ ತಲೆ ತಗ್ಗಿಸಿದರು. ಕ್ಲಾಸಿನಲ್ಲಿ ಶರಣರ ಸಮಾನತೆಯ ಪಾಠವನ್ನು ಅವರಷ್ಟು ಚೆಂದ ಯಾರೂ ಮಾಡುತ್ತಿರಲಿಲ್ಲ. ಪಾಪ, ಅವರಿಗೂ ಅದು ನೆನಪಾಗಿರಬೇಕು.

ಅಡುಗೆಮನೆಯ ಕಡೆಯಿಂದ ಕೈಗೊಂಚಲಿನ ಸದ್ದು ಬಂತು. ಸುವರ್ಣಮ್ಮ ಹೊರಗೆ ಬಂದವರೇ ನಾದಿನಿಯ ಕೈಯಿಂದ ತಾಟು ಇಸಿದುಕೊಂಡರು. "ವೈನಿ, ಸೊಸಿ ಬಸುರಿ ಅದಾಳ, ಇವತ್ತಿನ ದಿನ..." ಎಂದು ಅವರ ನಾದಿನಿ ಶುರುಮಾಡಿದರು.

"ಬಸುರಿಗೆ ಕೇಳೋಣಂತ ತಡೀರಿ," ಎಂದರು ಸುವರ್ಣಮ್ಮ. "ಕಾವ್ಯ, ನಾ ಈಕಿ ಉಡಿ ತುಂಬಿದ್ರ ನಿನಗೇನರ ಅಂಜಿಕಿ ಐತೇನವ್ವ?"

ಕಾವ್ಯ ಮಣೆಯ ಮೇಲಿನಿಂದ ಅತ್ತೆಯನ್ನೇ ನೋಡಿದರು. "ಮೊದ್ಲು ನನ್ನ ಉಡಿ ತುಂಬ್ರಿ ಅತ್ತಿ. ಬೆಳಗಿನಿಂದ ನಿಮ್ಮ ದಾರಿನೇ ನೋಡಾಕತ್ತೀನಿ," ಎಂದು ಸೆರಗು ಒಡ್ಡಿದರು.

ಸುವರ್ಣಮ್ಮ ಮಣೆಯ ಮುಂದೆ ಬಗ್ಗಿದರು. ಸೊಸೆಯ ಉಡಿ ತುಂಬಿದರು. ಅಲ್ಲಿಂದ ಸೀದಾ ಭರಮಕ್ಕನ ಮುಂದೆ ಬಂದು ಕೂತು, ಎರಡೂ ಕೈಯಿಂದ ಅಕ್ಕಿ ಎತ್ತಿ ಅವಳ ಮಡಿಲಿಗೆ ಸುರಿದರು. ಕೊಬ್ಬರಿ ಇಟ್ಟರು, ಕೊಂಬು ಇಟ್ಟರು, ಕಣ ಇಟ್ಟರು. "ಇದು ನಿಮ್ಮೂರಾಗ ಐತೇನು?" ಎಂದು ಕೇಳಿದರು.

"ಇಲ್ರೀ ಯವ್ವ."

"ನಮ್ಮೂರಾಗೂ ಇದ್ದಿದ್ದಿಲ್ಲ. ಬರಿ ಇದನ್ನ," ಎಂದರು.

ಭರಮಕ್ಕ ಅತ್ತಳು. ಮೂರು ವರ್ಷದಲ್ಲಿ ನಾನು ನೋಡದ ಅಳು ಅದು, ದೊಡ್ಡ ದನಿ ತೆಗೆದು, ನಾಚಿಕೆಯಿಲ್ಲದೆ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ತನ್ನ ಮಡಿಲಿನ ಅಕ್ಕಿಯಲ್ಲೇ ಒಂದು ಬೊಗಸೆ ಎತ್ತಿ, "ಸೆರಗು ಒಡ್ರಿ, ಸುಮ್ಮ ಕುಂತ್ರ ಹೆಂಗ?" ಎಂದು ಸುವರ್ಣಮ್ಮನಿಗೇ ಗದರಿದಳು. ಅವರು ಒಡ್ಡಿದರು. ಸೋದರತ್ತೆ ತಾವೇ ಹಾಡು ಎತ್ತಿದರು. ಅವತ್ತು ಹೋಳಿಗೆ ಬಹಳ ಚೆನ್ನಾಗಿತ್ತು. ಬೆಲ್ಲ ಮಾತ್ರ ಸ್ವಲ್ಪ ಕಡಿಮೆಯೇ, ಆ ಜಗಳದಲ್ಲಿ ಭರಮಕ್ಕನ ಮಾತೇ ಸರಿ.

ಮೇ ತಿಂಗಳಲ್ಲಿ ಎರಡನೇ ಸಲ ಉತ್ತರ ಹೇಳುವ ದಿನ ಬಂತು. ನನಗೆ ಕೆಲಸವಿರಲಿಲ್ಲ, ಆದರೂ ಅವಳ ಜೊತೆ ಹೋದೆ. ಇವಳ ಬಾಯಿಯ ಮೇಲೆ ನನಗೆ ನಂಬಿಕೆ ಇರಲಿಲ್ಲ. ಸರ್ ಬೇಡ ಎನ್ನಲಿಲ್ಲ. ಸೂಪರ್‌ವೈಸರ್ ಕೆಲಸಕ್ಕೆ ಅರ್ಜಿ ಹಾಕಲು ಅದೇ ವಾರ ಕಡೆ.

ಸರ್ ವರದಿಯನ್ನು ಪೂರ್ತಿ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಯಮ ಅಂದ್ರ ನಿಯಮ. ಇದು ಯಾವ ಸಮುದಾಯದ ಪದ್ಧತಿ ಅಂತ ನಾ ಕೇಳಬೇಕಾಗ್ತೈತಿ. ನೀವೇ ಬರದೀರಿ, ಇದು ನಿಮ್ಮೂರಾಗೂ ಇಲ್ಲ, ನಮ್ಮೂರಾಗೂ ಇದ್ದಿದ್ದಿಲ್ಲ ಅಂತ. ಯಾರದೂ ಅಲ್ಲದ್ದಕ್ಕ ಮಾರ್ಕ್ಸ್ ಹೆಂಗ ಕೊಡ್ಲಿ?"

ನಾನು ಬಾಯಿ ಹಾಕಲು ಮುಂದೆ ಬಗ್ಗಿದೆ. ಭರಮಕ್ಕ ಮಾತ್ರ ಸರ್ ಮುಖವನ್ನೇ ನೋಡುತ್ತ ಕೂತಿದ್ದಳು. "ನಿಮ್ಮ ಅವ್ವಾರನ್ನ ಕೇಳ್ರಿ," ಎಂದಳು.

"ಕೇಳಿದೆ," ಎಂದರು ಸರ್. ಅವರ ಮೀಸೆಯ ಮರೆಯಲ್ಲಿ ನಗು ಇತ್ತು. "ಮೊನ್ನೆ ಕೂಸಿನ ತೊಟ್ಟಿಲು ಕಾರ್ಯ ಆತು. ಹೆಣ್ಣು ಕೂಸು. ಬಂದಾರಿಗೆಲ್ಲ ಅವ್ವನೇ ಉಡಿ ತುಂಬಿದ್ಲು. ನಮ್ಮ ಸೋದರತ್ತಿ ತಾಟು ಹಿಡಿದಿದ್ಲು. ಓಣ್ಯಾಗಿನ ವಿಧವಿಯರನ್ನೆಲ್ಲ ಅವ್ವ ಕರಕೊಂಡು ಬಂದು ಮುಂದ ಕುಂದ್ರಿಸಿದ್ಲು. ಅಂದ ಮ್ಯಾಲೆ ಇದು ಈಗ ನಮ್ಮ ಮನೀ ಪದ್ಧತಿ. ನಿಮ್ಮದಲ್ಲ, ನಮ್ಮದು. ನಿಯಮಕ್ಕ ಸರಿ ಹೋತು."

ಅವರು ಪೆನ್ನಿನ ಟೋಪಿ ತೆಗೆದರು. ಭರಮಕ್ಕ ಬಾಯಿ ತೆರೆದಳು. ಅವಳ ಮುಖ ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು. ಹಿಂದಿನ ವಾರವಷ್ಟೇ ಗಾದಿಗನೂರಿನ ಅಂಗನವಾಡಿಯಲ್ಲಿ ಬಸುರಿಯರನ್ನೆಲ್ಲ ಸೇರಿಸಿ ಕುಬಸ ಮಾಡಿಸಿದ್ದಳು, ಉಡಿ ತುಂಬಿದವಳು ತಾನೇ, ನಾನೇ ತಾಟು ಹಿಡಿದಿದ್ದೆ. ಮೇಜಿನ ಕೆಳಗೆ ಅವಳ ಕಾಲನ್ನು ಜೋರಾಗಿ ತುಳಿದೆ. ಅವಳು "ಯವ್ವಾ" ಎಂದು ಬಾಯಿ ಮುಚ್ಚಿದಳು.

ಸರ್ ಮಾರ್ಕ್ಸ್ ಬರೆದರು, ಸಹಿ ಹಾಕಿದರು, ಮಸಿ ಆರಲಿ ಎಂದು ಊದಿದರು.

"ಆತೇನ್ರಿ ಸರ್? ಇನ್ನ ಅದನ್ನ ಅಳಿಸಾಕ ಬರಂಗಿಲ್ಲಲ್ಲ?" ಎಂದು ಕೇಳಿದಳು ಭರಮಕ್ಕ.

"ಬರಂಗಿಲ್ಲ."

"ಹಂಗಾದ್ರ ಹೇಳ್ತೀನಿ ಕೇಳ್ರಿ," ಎಂದು ಅವಳು ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. "ಅದು ಈಗ ನಮ್ಮದೂ ಆಗೇತ್ರಿ."